ರೈತನಿಗಾಗಿ ಆಕಾಶವನ್ನೇರಿದ ವಿಜ್ಞಾನಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬಡತನದಲ್ಲಿದ್ದ ಭಾರತಕ್ಕೆ ರಾಕೆಟ್ಟು, ಉಪಗ್ರಹಗಳೆಂಬುವು ಅಂತಹ ಹೂವೇ ಅಲ್ಲವೆ ಎಂದು ಒಂದು ಕಾಲದಲ್ಲಿ ಬಲ್ಲವರೂ ಸಂದೇಹಪಟ್ಟಿದ್ದರು. ಆ ಸಂದೇಹಕ್ಕೆ ಕಾರ್ಯದಿಂದಲೇ ಉತ್ತರ ಕೊಡಹೊರಟ ಮಹನೀಯರು ಡಾ. ವಿಕ್ರಮ ಸಾರಾಭಾಯಿಯವರು.

ಅವರು ೧೯೧೯ನೆಯ ಆಗಸ್ಟ್ ೧೨ರಂದು ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆಯಲ್ಲಿ ಜನಿಸಿದರು. ತಂದೆ ಅಂಬಾಲಾಲರು, ತಾಯಿ ಸರಳಾದೇವಿಯವರು. ಕೇಂಬ್ರಿಜ್ಜಿನಲ್ಲಿ ಓದುತ್ತಿರುವಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಸ್ವದೇಶಕ್ಕೆ ಮರಳಿದ ತರುಣರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. ಮೇಲೇರಿದಂತೆಲ್ಲ ಈ ಕಿರಣಗಳು ಪ್ರಬಲವಾಗುವುದರಿಂದ ೧೯೪೩ರಲ್ಲಿ ಕಾಶ್ಮೀರದ ಪರ್ವತಗಳಿಗೆ ಉಪಕರಣಗಳನ್ನು ಕೊಂಡೊಯ್ದು ಅಳತೆಮಾಡಿದರು. ಕೆಳಗೆ ನಿಂತು ಕಾಣಲಾಗದುದನ್ನು ಮೇಲೇರಿ ಕಾಣಬೇಕೆಂಬ ಪಾಠ ಅವರಿಗೆ ಆ ಬೆಟ್ಟಗಳಲ್ಲಿಯೇ ದೊರೆಯಿತೆನ್ನಬಹುದು.

೧೯೪೭ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. ೧೯೬೩ನೆಯ ನವೆಂಬರ್ ೨೧ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲ ರಾಕೆಟ್ಟು ಹಾರಿತು. ಅಲ್ಲಿನ ಚರ್ಚಿನ ಕಟ್ಟಡವೇ ವಿಜ್ಞಾನಿಗಳ ಕಚೇರಿಯಾಗಿತ್ತು. ೧೯೬೯ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ರೂಪುಗೊಂಡಿತು.

೧೯೬೬ರಲ್ಲಿ ಹೋಮಿ ಭಾಭಾ ಅವರು ವಿಮಾನಾಪಘಾತದಲ್ಲಿ ಮಡಿದ ಮೇಲೆ ಪರಮಾಣು ಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿಯವರ ಹೆಗಲೇರಿತು. ಪರಮಾಣು ವಿದ್ಯುತ್ತಿನಿಂದ ಕೊಳವೆಬಾವಿಗಳ ನೀರನ್ನೆತ್ತಿ, ಗೊಬ್ಬರ ತಯಾರಿಸಿ ಬೇಸಾಯವನ್ನು ಬೆಳೆಸುವ ಯೋಜನೆಯೊಂದನ್ನು ಅವರ ಕಾಲದಲ್ಲಿ ಸಿದ್ಧಪಡಿಸಲಾಯಿತು. ಅದು ಕೈಗೂಡಲಿಲ್ಲ. ಆದರೆ ಬೇಸಾಯಕ್ಕೆ ಮಣ್ಣು ನೀರುಗಳಷ್ಟೇ ಶಕ್ತಿಯೂ ಅಗತ್ಯವೆಂಬುದನ್ನು ಅವರು ಕಂಡುಕೊಂಡಿದ್ದರು.

೧೯೭೦ರಲ್ಲಿ ಪಿ. ಆರ್. ಪಿಶಾರಟಿಯವರ ನೇತೃತ್ವದಲ್ಲಿ ವಿಜ್ಞಾನಿಗಳು ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಚಿತ್ರ ತೆಗೆದರು. ಆರೋಗ್ಯವಾದ ಎಲೆಯು ಕಣ್ಣಿಗೆ ಕಾಣದ ಅತಿಗೆಂಪು ಕಿರಣವನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ, ರೋಗಪೀಡಿತ ಎಲೆಯು ಕಡಮೆ. ಹೀಗೆ ಮರಗಳ ರೋಗವನ್ನು ಆಕಾಶದಿಂದಲೇ ಗುರುತಿಸುವ ವಿದ್ಯೆಗೆ ನಮ್ಮ ದೇಶದಲ್ಲಿ ನಾಂದಿಯಾಯಿತು.

ಇದರ ಫಲವನ್ನು ಕಾಣುವ ಭಾಗ್ಯ ಸಾರಾಭಾಯಿಯವರಿಗಿರಲಿಲ್ಲ. ೧೯೭೧ನೆಯ ಡಿಸೆಂಬರ್ ೩೦ರಂದು, ೫೨ನೆಯ ವಯಸ್ಸಿನಲ್ಲಿ, ಕೋವಳದಲ್ಲಿ ಹಠಾತ್ತನೆ ನಿಧನ ಹೊಂದಿದರು. ಅವರು ನೆಟ್ಟ ಸಸಿ ಮಾತ್ರ ಬೆಳೆಯಿತು. ೧೯೭೯ರಲ್ಲಿ ಭಾಸ್ಕರ, ೧೯೮೮ರಲ್ಲಿ ಐ.ಆರ್.ಎಸ್.-೧ಎ ಉಪಗ್ರಹಗಳು ಮೇಲೇರಿದವು. ಎರಡನೆಯದು ೯೦೪ ಕಿಲೋಮೀಟರ್ ಎತ್ತರದಿಂದ ೨೨ ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತಿತ್ತು.

ಇಂದು ಈ ವಿದ್ಯೆಯು ಬೆಟ್ಟದ ಬೇಸಾಯಕ್ಕೂ ನೆರವಾಗುತ್ತಿದೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲೆತ್ತಲು ಕನಿಷ್ಠ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಬೇಕು. ಪಂಪಿನಲ್ಲಿ ನಷ್ಟವಾಗುವುದು ಬೇರೆ. ವಿದ್ಯುತ್ತು ಉಪಗ್ರಹಕ್ಕೆ ಕಾಣುವುದಿಲ್ಲ. ಆದರೆ ಮೆಟ್ಟಿಲುಗದ್ದೆಗಳ ವಿಸ್ತಾರ, ಪೈರಿನ ಸ್ಥಿತಿ, ಹಿಮದ ಹರವು ಕಾಣುತ್ತವೆ. ನೆಲದ ಉಷ್ಣತೆಯಿಂದ ಪೈರು ಹೀರಿದ ನೀರನ್ನು ಅಂದಾಜು ಮಾಡಬಹುದು. ೨೦೦೫ರಲ್ಲಿ ಹಾರಿದ ಕಾರ್ಟೊಸ್ಯಾಟ್-೧ರ ಜೋಡಿ ಚಿತ್ರಗಳಿಂದ ಹೊಲದ ಎತ್ತರವೂ ತಿಳಿಯಿತು. ನೀರೆಷ್ಟು, ಎತ್ತರವೆಷ್ಟು ಎಂದು ತಿಳಿದರೆ ಶಕ್ತಿಯ ಲೆಕ್ಕ ನಿಮಗೂ ಸಾಧ್ಯ! ಆದರೂ ಬೆಟ್ಟದ ನೆರಳು ಚಿತ್ರವನ್ನು ಮಸುಕಾಗಿಸುವುದುಂಟು. ಆಗ ಆ ಇಳಿಜಾರನ್ನು ಕಾಲ್ನಡೆಯಲ್ಲಿ ಹತ್ತಿ, ರೈತನನ್ನು ಕೇಳಿಯೇ ತಿಳಿಯಬೇಕು.

ವಿದ್ಯಾರ್ಥಿಗಳೇ, ೨೦೨೩ನೆಯ ಆಗಸ್ಟ್ ೨೩ರಂದು ಚಂದ್ರನ ಮೇಲಿಳಿದ ನೌಕೆಗೆ ವಿಕ್ರಮನೆಂಬ ಹೆಸರಿದ್ದುದು ನಿಮಗೆ ತಿಳಿದಿದೆ. ನಗರದಲ್ಲಿ ಬೆಳೆಯುತ್ತಿರುವ ನೀವು ರಜೆಗೆ ಊರಿಗೆ ಹೋದಾಗ ಅಜ್ಜನ ಹೊಲದಲ್ಲಿ ನಿಂತು ಒಮ್ಮೆ ಮೇಲೆ ನೋಡಿರಿ. ಆ ಹೊಲವನ್ನು ಆಕಾಶದಿಂದ ನೋಡಬೇಕೆಂದು ಆಸೆಪಟ್ಟ ಸಿರಿವಂತರ ಮಗನೊಬ್ಬನಿದ್ದನೆಂಬುದನ್ನು ನೆನೆಯಿರಿ. ಕಲಿತ ವಿದ್ಯೆ ಎಷ್ಟೇ ಎತ್ತರಕ್ಕೇರಿದರೂ ಅದರ ಕಣ್ಣು ನೆಲದ ಮೇಲಿರಲಿ.