ಸೋತರೂ ಸುಮ್ಮನಿರದ ಹರಿ ವಿಷ್ಣು ಕಾಮತ್



ನಮ್ಮ ಗೋಡೆ ಪತ್ರಿಕೆಯಲ್ಲಿ ಗಾಂಧೀಜಿ, ಸರ್ ಎಂ. ವಿಶ್ವೇಶ್ವರಯ್ಯ, ಒನಕೆ ಓಬವ್ವ, ಎಸ್. ನಿಜಲಿಂಗಪ್ಪ ಇವರ ಬಗ್ಗೆ ಎಲ್ಲರೂ ಬರೆದಾಗಿದೆ. ಇದು ನವೆಂಬರ್ 26ರ ಸಂವಿಧಾನ ದಿನದ ಸಂಚಿಕೆ. ಆದ್ದರಿಂದ ನಾನು ಬೇರೆ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಇವರು ಸಂವಿಧಾನ ಬರೆಯುವ ಸಭೆಯಲ್ಲಿ ಮತ್ತೆ ಮತ್ತೆ ಎದ್ದು ನಿಂತು ಮಾತಾಡಿದರು, ಓಟಿಗೆ ಹಾಕಿದಾಗ ಮತ್ತೆ ಮತ್ತೆ ಸೋತರು. ಸೋತವರ ಬಗ್ಗೆ ಯಾಕೆ ಬರೀಬೇಕು ಅಂತ ಕೇಳಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ.

ಇವರ ಹೆಸರು ಹರಿ ವಿಷ್ಣು ಕಾಮತ್. 1907ರ ಜುಲೈ 13ರಂದು ನಮ್ಮ ಕನ್ನಡ ನಾಡಿನ ಮಂಗಳೂರಿನಲ್ಲಿ ಜನಿಸಿದರು. ಆಗ ಮಂಗಳೂರು ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಕಾಮತರು ಓದಿನಲ್ಲಿ ಬಹಳ ಜಾಣರು. ಐ.ಸಿ.ಎಸ್. ಪರೀಕ್ಷೆ ಪಾಸು ಮಾಡಿದರು. ಐ.ಸಿ.ಎಸ್. ಅಂದ್ರೆ ಬ್ರಿಟಿಷರ ಕಾಲದಲ್ಲಿ ಈಗಿನ ಐ.ಎ.ಎಸ್. ಇದ್ದ ಹಾಗೆ. ಚಿತ್ರದುರ್ಗದಲ್ಲಿ ಜಿಲ್ಲಾಧಿಕಾರಿಗಳು ಇದ್ದಾರಲ್ಲ, ಅಂಥ ದೊಡ್ಡ ಹುದ್ದೆ. ಕಾಮತರಿಗೆ ಮಧ್ಯಪ್ರಾಂತ್ಯದಲ್ಲಿ, ಅಂದರೆ ಈಗಿನ ಮಧ್ಯಪ್ರದೇಶದ ಕಡೆ, ಕೆಲಸ ಸಿಕ್ಕಿತು. ಬಂಗಲೆ, ಜವಾನರು, ಕೈತುಂಬಾ ಸಂಬಳ. ಆದರೆ ಅವರ ಮನಸ್ಸು ಸುಭಾಷ್‌ಚಂದ್ರ ಬೋಸರ ಕಡೆಗಿತ್ತು. 1938ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದರು. ಮುಂದಿನ ವರ್ಷ ಬೋಸರು ಫಾರ್ವರ್ಡ್ ಬ್ಲಾಕ್ ಕಟ್ಟಿದಾಗ ಕಾಮತರು ಅದರ ಮುಖಂಡರಲ್ಲಿ ಒಬ್ಬರಾದರು. ಜೈಲಿಗೂ ಹೋದರು.

ದೇಶಕ್ಕೆ ಸಂವಿಧಾನ ಬರೆಯಲು 1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ಸಂವಿಧಾನ ರಚನಾ ಸಭೆ ಶುರುವಾಯಿತು. ಕಾಮತರು ಮಧ್ಯಪ್ರಾಂತ್ಯದಿಂದ ಅದರ ಸದಸ್ಯರಾದರು. ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಮಾಡುವ ಸಂಸತ್ತಿನ ಕೆಲಸವನ್ನೂ ಇದೇ ಸಭೆ ಮಾಡಿತು.

ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಡಾ. ಅಂಬೇಡ್ಕರ್ ಅವರ ಸಮಿತಿ ಮೊದಲು ಕರಡು ಬರೆದು ಸಭೆಯ ಮುಂದೆ ಇಟ್ಟಿತು. ಅದರ ಒಂದೊಂದು ಸಾಲನ್ನೂ ಓದಿ ಚರ್ಚೆ ಮಾಡುತ್ತಿದ್ದರು. ಯಾರಿಗಾದರೂ ಅದು ಸರಿ ಕಾಣದಿದ್ದರೆ ತಿದ್ದುಪಡಿ ಕೊಡಬಹುದು. ನಮ್ಮ ತರಗತಿಯ ಪ್ರವಾಸದ ಪಟ್ಟಿಯಲ್ಲಿ ಜೋಗ ಜಲಪಾತ ಅಂತ ಬರೆದಿದೆ ಅಂದುಕೊಳ್ಳಿ. ಅದನ್ನು ಹೊಡೆದು ವಾಣಿವಿಲಾಸ ಸಾಗರ ಅಂತ ಬರೆಯಿರಿ ಎಂದು ಒಬ್ಬರು ಎದ್ದು ಹೇಳಿ ಕಾರಣ ಕೊಟ್ಟರೆ ಅದೇ ತಿದ್ದುಪಡಿ. ಆಮೇಲೆ ಕೈ ಎತ್ತಿಸಿ ಎಣಿಸುವುದು. ಆ ಸಭೆಗೆ ಸುಮಾರು 7,635 ತಿದ್ದುಪಡಿಗಳು ಬಂದವು. ಅದರಲ್ಲಿ 2,473 ಮಂಡನೆಯಾದವು. ಸಭೆಯಲ್ಲಿ ಹೆಚ್ಚಿನವರು ಕಾಂಗ್ರೆಸ್ಸಿನವರು. ಕಾಮತರೂ ಆಗ ಕಾಂಗ್ರೆಸ್ಸಿನವರೇ. ಪಕ್ಷ ಹೇಳಿದ್ದಕ್ಕೆ ಕೈ ಎತ್ತಿ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಹಂಗೆ ಕೂರುವವರಲ್ಲ.

ಮೊದಲನೆಯದು ನಮ್ಮ ಹಳ್ಳಿಗಳ ವಿಷಯ. 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಭಾಷಣ ಮಾಡುತ್ತಾ, ಹಳ್ಳಿಗಳಲ್ಲಿ ಅಜ್ಞಾನ ಮತ್ತು ಸಂಕುಚಿತ ಬುದ್ಧಿ ತುಂಬಿದೆ, ಅದಕ್ಕೇ ಕರಡಿನಲ್ಲಿ ಹಳ್ಳಿಗೆ ಬದಲು ವ್ಯಕ್ತಿಗೆ ಮುಖ್ಯ ಸ್ಥಾನ ಕೊಟ್ಟಿದ್ದೇವೆ ಎಂದು ಹೇಳಿದರು. ಮರುದಿನವೇ ಕಾಮತರು ಎದ್ದು, ಇದು ಪೇಟೆಯಲ್ಲಿ ಓದಿದ ದೊಡ್ಡವರು ಹಳ್ಳಿಯವರನ್ನು ನೋಡುವ ರೀತಿ, ಹಳ್ಳಿಯ ಜನರ ಮೇಲೆ ಪ್ರೀತಿ ಇಲ್ಲದಿದ್ದರೆ ದೇಶ ಉದ್ಧಾರವಾಗುವುದು ಹೇಗೆ ಎಂದು ವಾದಿಸಿದರು. ಬೇರೆ ಸದಸ್ಯರೂ ಹಳ್ಳಿಗಳ ಪರ ಮಾತಾಡಿದರು. ಅದೇ ತಿಂಗಳ 22ರಂದು ಕೆ. ಸಂತಾನಂ ಅವರು ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕು ಎಂಬ ತಿದ್ದುಪಡಿ ತಂದರು. ಅಂಬೇಡ್ಕರ್ ಅವರು ಅದನ್ನು ಒಪ್ಪಿದರು. ಅದೇ ಈಗಿನ 40ನೇ ವಿಧಿ.

ಇಲ್ಲಿ ನನಗೆ ಅನ್ನಿಸಿದ್ದನ್ನು ಬರೆಯಲೇಬೇಕು. ಮೊದಲು ಓದಿದಾಗ ನನಗೆ ಕಾಮತರ ಮಾತೇ ಸರಿ ಅನ್ನಿಸಿತು. ನಾವೂ ಹಳ್ಳಿಯವರೇ ತಾನೆ? ಆದರೆ ಅಂಬೇಡ್ಕರ್ ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ಉಂಟು, ಅವನು ಬರದಿದ್ದರೆ ಆ ದಿನ ನೀರಿಲ್ಲ. ಬಾವಿಯಲ್ಲಿ ನೀರು ಸೇದಲು ಬಿಡದ ಹಳ್ಳಿಯನ್ನು ಅವರು ಹೇಗೆ ಹೊಗಳುತ್ತಾರೆ? ನಮ್ಮ ಹೊಸದುರ್ಗದ ಕಡೆ ಹಳ್ಳಿಗಳಲ್ಲಿ ಕಣದಲ್ಲಿ ರಾಗಿ ಒಕ್ಕುವಾಗ ಒಬ್ಬರಿಗೊಬ್ಬರು ಕರೆಯದೇ ಬರುತ್ತಾರೆ. ಇದು ಕಾಮತರು ಹೇಳಿದ ಹಳ್ಳಿ. ಅದೇ ಜನ ಊಟಕ್ಕೆ ಕೂರುವಾಗ ಬೇರೆ ಬೇರೆ ಸಾಲು ಮಾಡಿದರೆ ಅದು ಅಂಬೇಡ್ಕರ್ ಹೇಳಿದ ಹಳ್ಳಿ. ಎರಡೂ ಸುಳ್ಳಲ್ಲ. ಒಬ್ಬರೇ ಮಾತಾಡಿದ್ದರೆ ನಮಗೆ ಅರ್ಧ ಮಾತ್ರ ಗೊತ್ತಾಗುತ್ತಿತ್ತು.

ಎರಡನೆಯದು ದೇಶದ ಹೆಸರು. 1949ರ ಸೆಪ್ಟೆಂಬರ್ 18ರಂದು ಮೊದಲನೇ ವಿಧಿಯ ಚರ್ಚೆ ನಡೆಯಿತು. ಕರಡಿನಲ್ಲಿ ಇಂಡಿಯಾ ಎಂಬ ಹೆಸರು ಮೊದಲು, ಭಾರತ ಆಮೇಲೆ ಇತ್ತು. ಭಾರತ ಎಂಬುದೇ ಮೊದಲು ಬರಲಿ, ಇಂಗ್ಲಿಷಿನಲ್ಲಿ ಮಾತ್ರ ಇಂಡಿಯಾ ಅನ್ನೋಣ ಎಂದು ಕಾಮತರು ತಿದ್ದುಪಡಿ ತಂದರು. ಐರ್ಲೆಂಡ್ ದೇಶದವರು ತಮ್ಮ ಸಂವಿಧಾನದಲ್ಲಿ ಹೀಗೇ ಮಾಡಿದ್ದಾರೆ ಎಂದು ಉದಾಹರಣೆ ಕೊಟ್ಟರು. ಕೆಲಸ ಬಹಳ ಬಾಕಿ ಇದೆ, ಇಷ್ಟು ಉದ್ದ ಹೇಳಬೇಕೆ ಎಂದು ಅಂಬೇಡ್ಕರ್ ನಡುವೆ ಕೇಳಿದರು. ಕಾಮತರು ಮಾತು ಮುಗಿಸಿಯೇ ಕೂತರು. ಎಣಿಸಿದಾಗ ಅವರ ಕಡೆ 38, ವಿರುದ್ಧ 51. ಸೋತರು.

ಮೂರನೆಯದು ಪೀಠಿಕೆ. ನಾವು ದಿನಾ ಪ್ರಾರ್ಥನೆಯ ಹೊತ್ತಿಗೆ ಓದುತ್ತೇವಲ್ಲ, ಅದೇ. ಅದು ಜನರ ಹೆಸರಿನಿಂದ ಶುರುವಾಗುತ್ತದೆ. 1949ರ ಅಕ್ಟೋಬರ್ 17ರಂದು ಕಾಮತರು, ದೇವರ ಹೆಸರಿನಲ್ಲಿ ಎಂಬ ಮಾತನ್ನು ಅದಕ್ಕಿಂತ ಮೊದಲು ಸೇರಿಸಬೇಕು ಎಂದರು. ಆಗ ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ ಎದ್ದು, ನಾನು ಶಕ್ತಿಯ ಭಕ್ತ, ಬರೀ ದೇವರು ಅಂದರೆ ಹೇಗೆ, ದೇವಿಯೂ ಬೇಡವೇ ಎಂದು ಕೇಳಿದರು! ಇದನ್ನು ಓದಿ ನನಗೆ ನಗು ಬಂತು. ನಮ್ಮ ಜಿಲ್ಲೆಯಲ್ಲೇ ಕೇಳಿದರೂ ಚಿತ್ರದುರ್ಗದವರು ಏಕನಾಥೇಶ್ವರಿ ಅಂತಾರೆ, ಹೊಳಲ್ಕೆರೆಯವರು ಗಣಪತಿ, ಹಿರಿಯೂರಿನವರು ತೇರುಮಲ್ಲೇಶ್ವರ, ಹೊಸದುರ್ಗದವರು ಹಾಲುರಾಮೇಶ್ವರ ಅಂತಾರೆ. ದೇವರನ್ನು ಓಟಿಗೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಎಂಬ ಸದಸ್ಯೆ ಕೇಳಿಕೊಂಡರು. ನಂಬಿಕೆ ಅವರವರ ಮನಸ್ಸಿಗೆ ಸೇರಿದ್ದು, ಎಲ್ಲರ ಮೇಲೂ ಹೇರಬಾರದು ಎಂದು ಹೃದಯನಾಥ ಕುಂಜ್ರು ಹೇಳಿದರು. ಕಾಮತರು ಹಿಂದೆ ಸರಿಯಲಿಲ್ಲ. ಕೈ ಎಣಿಸಿದಾಗ 41 ಪರ, 68 ವಿರುದ್ಧ. ಮತ್ತೆ ಸೋತರು. ಇದರಲ್ಲಿ ನಾನಾಗಿದ್ದರೆ 68ರ ಕಡೆಯೇ ಕೈ ಎತ್ತುತ್ತಿದ್ದೆ. ಪೀಠಿಕೆ ದೇವರನ್ನು ನಂಬುವವರಿಗೂ ನಂಬದವರಿಗೂ ಸೇರಿದ್ದು. ಆದರೆ ಅವರು ಕೇಳಿದ್ದರಿಂದಲೇ ಅದು ಯಾಕೆ ಹಾಗಿದೆ ಎಂದು ನನಗೆ ತಿಳಿಯಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಅದಕ್ಕೇ ಕೊನೆಗೆ ಇಟ್ಟಿದ್ದೇನೆ. 1949ರ ಆಗಸ್ಟ್ ತಿಂಗಳಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದವು. ದೇಶಕ್ಕೆ ದೊಡ್ಡ ಅಪಾಯ ಬಂದಾಗ ಸರ್ಕಾರಕ್ಕೆ ಹೆಚ್ಚಿನ ಅಧಿಕಾರ ಕೊಡುವ ವಿಧಿಗಳು ಅವು. ಆಗ ಜನ ತಮ್ಮ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನೂ ತಡೆಯಬಹುದು ಎಂದು ಕರಡಿನಲ್ಲಿ ಇತ್ತು. ಕಾಮತರು ಇದನ್ನು ಬಲವಾಗಿ ವಿರೋಧಿಸಿದರು. ಜರ್ಮನಿಯ ಸಂವಿಧಾನದಲ್ಲಿ ಇಂಥದ್ದೇ ಒಂದು ವಿಧಿ ಇತ್ತು. 1933ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನಿಗೆ ಜನರ ಹಕ್ಕು ಕಿತ್ತುಕೊಳ್ಳಲು ಅದೇ ದಾರಿಯಾಯಿತು. ಆ ಕಥೆ ಇಲ್ಲಿಯೂ ನಡೆಯಬಾರದು ಎಂದು ಎಚ್ಚರಿಸಿದರು. ಆದರೂ ಆಗಸ್ಟ್ 20ರಂದು ಆ ವಿಧಿ ಪಾಸಾಯಿತು. ಕಾಮತರು ಬಹಳ ನೊಂದುಕೊಂಡು, ಇದು ನಾಚಿಕೆಪಡುವ ದಿನ ಎಂಬರ್ಥದಲ್ಲಿ ಮಾತಾಡಿದರು.

1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಕೊನೆಯ ಭಾಷಣ ಮಾಡಿದರು. ಅದರಲ್ಲಿ ಒಂದು ವಿಶೇಷ ಉಂಟು. ಪಕ್ಷದ ಮಾತಿಗೆ ಎಲ್ಲರೂ ಹೂಂ ಅಂದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು, ಆದರೆ ಇಲ್ಲಿ ಕೆಲವರು ಬಂಡಾಯಗಾರರು ಇದ್ದರು ಎಂದು ಹೇಳಿ ಅವರಿಗೆ ಕೃತಜ್ಞತೆ ಸಲ್ಲಿಸಿದರು. ಅವರು ಎತ್ತಿದ ಪ್ರಶ್ನೆಗಳಿಂದಲೇ ಸಂವಿಧಾನದ ತತ್ವಗಳನ್ನು ವಿವರಿಸುವ ಅವಕಾಶ ತಮಗೆ ಸಿಕ್ಕಿತು ಎಂದರು. ಹೆಸರು ಹೇಳುವಾಗ ಮೊದಲು ಹೇಳಿದ್ದು ಕಾಮತರ ಹೆಸರನ್ನೇ! ಯಾರ ಜೊತೆ ಮೂರು ವರ್ಷ ವಾದ ಮಾಡಿದರೋ ಅವರಿಂದಲೇ ಇಂಥ ಮಾತು ಬರುವುದು ಸಾಮಾನ್ಯವಲ್ಲ. ಇಬ್ಬರೂ ದೊಡ್ಡವರು.

ಆಮೇಲೆ ಕಾಮತರು ಕಾಂಗ್ರೆಸ್ ಬಿಟ್ಟು ಸಮಾಜವಾದಿಗಳ ಜೊತೆ ಸೇರಿದರು. ಮೊದಲ ಲೋಕಸಭಾ ಚುನಾವಣೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಿಂದ ನಿಂತು ಬರೀ 174 ಓಟಿನಿಂದ ಸೋತರು. ಆಗ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಓಟು. ಎರಡಕ್ಕೂ ಬೇರೆ ಬೇರೆ ಬಣ್ಣದ ಪಟ್ಟಿ ಇರುವ ಮತಪತ್ರ. ಕೆಲವು ಮತಗಟ್ಟೆಗಳಲ್ಲಿ ಅದು ಅದಲು ಬದಲಾಗಿತ್ತು. ಕಾಮತರು ಸುಮ್ಮನಿರಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದರು. 1954ರ ಡಿಸೆಂಬರ್‌ನಲ್ಲಿ ಆ ಚುನಾವಣೆಯೇ ರದ್ದಾಯಿತು. ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. 1962ರಲ್ಲಿ ಮತ್ತೆ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದರು. ನಮ್ಮ ಚಿತ್ರದುರ್ಗ ಕ್ಷೇತ್ರವೂ 1957ರಲ್ಲಿ ಇದೇ ವಿರೋಧ ಪಕ್ಷದ ಜಗಳೂರಿನ ಜೆ. ಮೊಹಮ್ಮದ್ ಇಮಾಂ ಅವರನ್ನು ದೆಹಲಿಗೆ ಕಳಿಸಿತ್ತು ಎಂಬುದು ನಮಗೆ ಹೆಮ್ಮೆ. 1966ರಲ್ಲಿ ಸರ್ಕಾರ ಆಡಳಿತ ಸುಧಾರಣಾ ಆಯೋಗ ಮಾಡಿದಾಗ ವಿರೋಧ ಪಕ್ಷದವರಾದ ಕಾಮತರನ್ನೂ ಸದಸ್ಯರನ್ನಾಗಿ ಮಾಡಿತು. ಮುಂದೆ ಆ ಆಯೋಗಕ್ಕೆ ನಮ್ಮ ಕೆಂಗಲ್ ಹನುಮಂತಯ್ಯನವರು ಅಧ್ಯಕ್ಷರಾದರು.

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷದವರನ್ನು ಜೈಲಿಗೆ ಹಾಕಿದರು. ಪತ್ರಿಕೆಗಳಿಗೆ ಕಡಿವಾಣ ಬಿತ್ತು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ, ಈ ಹೊತ್ತಿನಲ್ಲಿ ಬಂಧನದ ವಿರುದ್ಧ ಕೋರ್ಟಿಗೆ ಬರುವ ಹಕ್ಕು ಯಾರಿಗೂ ಇಲ್ಲ ಎಂದು ತೀರ್ಪು ಕೊಟ್ಟಿತು. 1949ರಲ್ಲಿ ಕಾಮತರು ಹೆದರಿದ್ದು 26 ವರ್ಷದ ಮೇಲೆ ಕಣ್ಣ ಮುಂದೆ ನಡೆಯಿತು. 1977ರ ಚುನಾವಣೆಯಲ್ಲಿ ಕಾಮತರು ಹೋಶಂಗಾಬಾದಿನಿಂದ ಮತ್ತೆ ಗೆದ್ದರು. ಆಗ ಅವರ ವಯಸ್ಸು ಸುಮಾರು 70. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಆಯಿತು. ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ ಎಂದು ಅದರಲ್ಲಿ ಬರೆದರು. 1949ರಲ್ಲಿ ಸೋತ ಮಾತು ಗೆಲ್ಲಲು 29 ವರ್ಷ ಬೇಕಾಯಿತು. 1982ರಲ್ಲಿ ಕಾಮತರು ತೀರಿಕೊಂಡರು.

ಸಂವಿಧಾನ ರಚನಾ ಸಭೆಯಲ್ಲಿ ಯಾರು ಏನು ಮಾತಾಡಿದರು ಎಂಬುದನ್ನೆಲ್ಲ ಬರೆದುಕೊಂಡು ಪುಸ್ತಕ ಮಾಡಿದ್ದಾರೆ. ಅದರಲ್ಲಿ ಗೆದ್ದವರ ಮಾತು ಎಷ್ಟು ಇದೆಯೋ ಸೋತವರ ಮಾತೂ ಹಾಗೇ ಇದೆ. ಲೋಕಸಭೆಯಲ್ಲೂ ಇದೇ ಪದ್ಧತಿ. ಕೈ ಎಣಿಸಿದ ದಿನ ಸೋತ ಮಾತನ್ನು ಮುಂದೆ ಹುಟ್ಟುವವರು ಓದಬಹುದು. ನಾವು ಈಗ ಓದಿದೆವಲ್ಲ, ಹಾಗೆ.

ಗೆಳೆಯರೇ, ನಮ್ಮ ಶಾಲಾ ಸಂಸತ್ತಿನ ಚುನಾವಣೆ ಬಂದರೆ ಎಲ್ಲರಿಗೂ ಪ್ರಧಾನಮಂತ್ರಿಯೇ ಆಗಬೇಕು. ವಿರೋಧ ಪಕ್ಷದ ನಾಯಕ ಆಗು ಅಂದ್ರೆ ಮುಖ ಸಿಂಡರಿಸುತ್ತಾರೆ. ಅದು ಸೋತವರ ಜಾಗ, ಅಲ್ಲಿ ಕೆಲಸವೇ ಇಲ್ಲ ಅಂತ ತಿಳಿದಿದ್ದಾರೆ. ಆದರೆ ಕುಡಿಯುವ ನೀರಿನ ಟ್ಯಾಂಕು ತೊಳೆದು ಎಷ್ಟು ದಿನ ಆಯಿತು ಅಂತ ಆರೋಗ್ಯ ಮಂತ್ರಿಯನ್ನು ಕೇಳುವವರು ಯಾರು? ಹೆಣ್ಣುಮಕ್ಕಳಿಗೆ ಆಟದ ಪೀರಿಯಡ್ಡಿನಲ್ಲಿ ಚೆಂಡು ಯಾಕೆ ಸಿಗುವುದಿಲ್ಲ ಅಂತ ಕ್ರೀಡಾ ಮಂತ್ರಿಯನ್ನು ಕೇಳುವವರು ಯಾರು? ಎಲ್ಲರೂ ಹೂಂ ಅಂದರೆ ಸಭೆ ಬೇಗ ಮುಗಿಯುತ್ತದೆ, ಟ್ಯಾಂಕು ಮಾತ್ರ ಹಂಗೇ ಇರುತ್ತದೆ.

ಈ ಸಲ ಯಾರೂ ಮುಂದೆ ಬರದಿದ್ದರೆ ಆ ಜಾಗಕ್ಕೆ ನಾನು ಹೆಸರು ಕೊಡುತ್ತೇನೆ. ನನ್ನ ಮಾತು ಬಿದ್ದುಹೋದರೂ ಪರವಾಗಿಲ್ಲ. ಗುರುಗಳಲ್ಲಿ ಒಂದೇ ವಿನಂತಿ, ನಮ್ಮ ಸಂಸತ್ತಿನ ನಡಾವಳಿ ಪುಸ್ತಕದಲ್ಲಿ ಪಾಸಾದ ಮಾತಿನ ಜೊತೆ ಪಾಸಾಗದ ಮಾತನ್ನೂ ದಯವಿಟ್ಟು ಬರೆಸಬೇಕು.

— 7ನೇ ತರಗತಿ