ಕಮ್ಮಾರನ ಮಗನಾದ ಮೈಕಲ್ ಫಾರಡೇ

ಮೈಕಲ್ ಫಾರಡೇ ಎಂಬವನು 1791ನೇ ಇಸವಿಯ ಸಪ್ಟೆಂಬರ 22ರಂದು ಲಂಡನ್ ಪಟ್ಟಣದ ಹತ್ತಿರ ಹುಟ್ಟಿದನು. ಇವನ ತಂದೆಯು ಬಡ ಕಮ್ಮಾರನು. ಶಾಲೆಯಲ್ಲಿ ಓದು ಬರಹ ಲೆಕ್ಕಗಳಿಗಿಂತ ಹೆಚ್ಚೇನೂ ಕಲಿಯದೆ, ಹುಡುಗನು 1805ರಲ್ಲಿ ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಜ್ಞಾನ ಸಂಪಾದಿಸಿದನು. 1813ರಲ್ಲಿ ಡೇವಿ ಎಂಬ ಪ್ರಖ್ಯಾತ ರಸಾಯನಶಾಸ್ತ್ರಜ್ಞನು ಅವನನ್ನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾಗಿ ಇಟ್ಟುಕೊಂಡನು.

ನಮ್ಮ ನಾಡಿಗೂ ಅವನಿಗೂ ಒಂದು ಸಂಬಂಧವುಂಟು. ಹಿಂದೂದೇಶದಿಂದ ಹೋದ ಉಕ್ಕನ್ನು ಇಂಗ್ಲೀಷರು ವೂಟ್ಸ್ ಎಂದು ಕರೆಯುತ್ತಿದ್ದರು. ಆ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿತೆಂದು ಬಹು ಜನ ಪಂಡಿತರ ಅಭಿಪ್ರಾಯ. 1819ರಲ್ಲಿ ಫಾರಡೇಯು ಈ ಉಕ್ಕನ್ನು ಪರೀಕ್ಷಿಸಿದನು. ಆ ಮೇಲೆ ಸ್ಟೋಡರ್ಟ್ ಎಂಬ ಕತ್ತಿ ಮಾಡುವವನ ಸಂಗಡ ಕೂಡಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಮ್, ಕ್ರೋಮಿಯಮ್ ಮುಂತಾದವುಗಳನ್ನು ಬೆರಸಿ ನೋಡಿದನು. ಕ್ರೋಮಿಯಮ್ ಬೆರಸಿದ್ದು ಬಹು ಸ್ವಲ್ಪವಾದದರಿಂದ ಅದು ಈಗಿನ ತುಕ್ಕು ಹಿಡಿಯದ ಉಕ್ಕಾಗಲಿಲ್ಲ. ಆದರೂ ದಾರಿ ಅದೇ ಆಗಿತ್ತು.

ಆ ಕಾಲದ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಉಪ್ಪುನೀರು ಆ ತಾಮ್ರವನ್ನು ತಿಂದುಬಿಡುತ್ತಿತ್ತು. 1824ರಲ್ಲಿ ಡೇವಿಯು ತಗಡಿಗೆ ಸತುವಿನ ಇಲ್ಲವೆ ಕಬ್ಬಿಣದ ಚಿಕ್ಕ ತುಂಡುಗಳನ್ನು ಹಚ್ಚಿಸಿದನು. ಫಾರಡೇಯು ಪ್ರಯೋಗಗಳಲ್ಲಿ ನೆರವಾದನು. ತುಂಡು ಕರಗಿತು, ತಾಮ್ರ ಉಳಿಯಿತು. ಆದರೆ ಎಲ್ಲರೂ ಸಂತೋಷಪಡುವಷ್ಟರಲ್ಲಿ ಬೇರೆ ತೊಂದರೆ ಬಂತು. ಕರಗುವ ತಾಮ್ರವು ವಿಷವಾಗಿ ಪಾಚಿಯನ್ನೂ ಚಿಪ್ಪಿನ ಹುಳಗಳನ್ನೂ ದೂರವಿಡುತ್ತಿತ್ತು. ತಾಮ್ರ ಕರಗದೆ ನಿಂತಾಗ ಅವು ಗುಂಪುಗುಂಪಾಗಿ ಅಂಟಿಕೊಂಡು ಹಡಗಿನ ಓಟವೇ ಕುಂದಿತು. ನೌಕಾಧಿಕಾರಿಗಳು ತುಂಡುಗಳನ್ನು ತೆಗೆಸಿಬಿಟ್ಟರು. ಡೇವಿಗೆ ಇದು ಬಹಳ ನೋವಾಯಿತು. ಆದರೆ ಆ ತತ್ವವು ಸುಳ್ಳಾಗಿರಲಿಲ್ಲ.

ವಿದ್ಯುತ್ತಿನ ಇಷ್ಟು ಪ್ರಮಾಣಕ್ಕೆ ಇಷ್ಟೇ ತೂಕದ ಲೋಹವು ಕರಗುವದು ಇಲ್ಲವೆ ಕೂಡುವದು ಎಂಬ ನಿಯಮವನ್ನು ಫಾರಡೇಯು 1833-34ರಲ್ಲಿ ಸ್ಥಾಪಿಸಿದನು. ವಿದ್ಯುತ್ತಿನಿಂದ ಬೆಳ್ಳಿ, ನಿಕ್ಕಲ್ ಮುಂತಾದವುಗಳ ಲೇಪ ಕೊಡುವವರೆಲ್ಲರೂ ಈ ಲೆಕ್ಕದಿಂದಲೇ ನಡೆಯುತ್ತಾರೆ. ತೀಕ್ಷ್ಣವಾದ ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣವು ಕರಗದೆ ಸುಮ್ಮನಿರುವದನ್ನು 1836ರಲ್ಲಿ ವಿಚಾರಿಸಿ, ಅದರ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯುಂಟೆಂದು ಊಹಿಸಿದನು. ಮರು ವರುಷ ಫ್ರಾನ್ಸ್ ದೇಶದ ಸೋರೆಲ್ ಎಂಬವನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ಹಕ್ಕುಪತ್ರ ಪಡೆದನು. ನಮ್ಮ ಮನೆಗಳ ತಗಡೂ ಕೊಡಪಾನವೂ ಅಂಥಾದ್ದೇ.

ಕೃಷ್ಣೆಯ ದಡದ ನಾಲತವಾಡದ ಸೀಮೆಯವರು ನಾರಾಯಣಪುರದ ಅಣೆಕಟ್ಟಿನ ಉಕ್ಕಿನ ಬಾಗಿಲುಗಳನ್ನೂ ಆಲಮಟ್ಟಿಯ ವಿದ್ಯುದಾಗಾರವನ್ನೂ ಬಲ್ಲರು. ಇಂಥಾ ಬಾಗಿಲುಗಳಿಗೆ ಸತುವಿನ ಲೇಪವೂ ಅದರ ಮೇಲೆ ಬಣ್ಣವೂ ಸಾಕಾಗಬಹುದು. ನೀರಿನ ಚಕ್ರಗಳಿಗೆ ಸಾಲದು. ರಭಸದ ನೀರಿನಲ್ಲಿ ಒತ್ತಡವು ಕುಗ್ಗಿದಲ್ಲಿ ಗುಳ್ಳೆಗಳು ಹುಟ್ಟಿ, ಒತ್ತಡ ಹೆಚ್ಚಿದಲ್ಲಿ ಒಡೆದು, ಚಿಕ್ಕ ಸುತ್ತಿಗೆಗಳಂತೆ ಲೋಹವನ್ನು ಬಡಿದು ಹೊಂಡ ಮಾಡುವವು. ಮೆದುವಾದ ಸತುವು ಅಲ್ಲಿ ಬಹುಕಾಲ ನಿಲ್ಲದು. ಆದದರಿಂದ ಕ್ರೋಮಿಯಮ್ ಮತ್ತು ನಿಕ್ಕಲ್ ಬೆರಸಿದ ಗಟ್ಟಿ ಉಕ್ಕನ್ನು ಬಳಸುತ್ತಾರೆ, ಇಲ್ಲವೆ ಅದನ್ನೇ ಮೇಲೆ ಬೆಸೆಯುತ್ತಾರೆ. ಅದರ ಮೇಲಿನ ತೆಳು ಪೊರೆಯೇ ತುಕ್ಕನ್ನು ತಡೆಯುವದು.

ಫಾರಡೇಯು ಸಾಂದೆಮನ್ ಪಂಗಡದ ಚಿಕ್ಕ ಸಭೆಗೆ ಸೇರಿದವನು; 1821ರಲ್ಲಿ ಅಲ್ಲಿ ತನ್ನ ನಂಬಿಕೆಯನ್ನು ಅರಿಕೆಮಾಡಿದನು. ನುಸಿಯೂ ಕಿಲುಬೂ ಹಾಳುಮಾಡುವ ಗಂಟಿನ ವಿಷಯ ಕರ್ತನು ಬೆಟ್ಟದ ಮೇಲೆ ಹೇಳಿದ್ದನ್ನು ಆ ಸಭೆಯವರು ಅಕ್ಷರಶಃ ಕೈಕೊಂಡು, ಹಣ ಕೂಡಿಡುವದನ್ನೇ ತಪ್ಪೆಂದೆಣಿಸುತ್ತಿದ್ದರು. ಲೋಹವನ್ನು ಕಿಲುಬಿನಿಂದ ಕಾಯಲು ದುಡಿದವನು ತಾನು ಗಂಟು ಕಟ್ಟಲಿಲ್ಲವೆಂಬದು ನಮಗೆ ಅವನ ಶೋಧಗಳಿಗಿಂತಲೂ ಆಶ್ಚರ್ಯವಾಗಿ ತೋರುತ್ತದೆ. ಅವನು 1840ರಲ್ಲಿ ಹಿರಿಯನಾದನು. 1844ರಲ್ಲಿ ಸಭೆಯು ಅವನನ್ನು ಬೇರೆ ಹಲವರೊಡನೆ ಕೆಲವು ವಾರ ಹೊರಗಿಟ್ಟಿತು. ಲೋಕವೆಲ್ಲ ಮನ್ನಿಸಿದ ಈ ಪಂಡಿತನು ಸಭೆಯನ್ನು ಬಿಟ್ಟುಹೋಗದೆ ಮರಳಿ ಸೇರಿಕೊಂಡನು. ಹಿರಿಯತನವು ಮಾತ್ರ 1860ರ ವರೆಗೆ ತಿರುಗಿ ದೊರೆಯಲಿಲ್ಲ.

ಸರ್ ಎಂಬ ಬಿರುದನ್ನು ಒಲ್ಲದೆ 1867ರ ಆಗಸ್ಟ 25ರಂದು ತೀರಿಕೊಂಡನು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವನ ಗೋರಿಯ ಮೇಲೆ ಸಾಧಾರಣವಾದ ಒಂದು ಕಲ್ಲಿದೆ.