ದುರ್ಗದಬೈಲಿನ ಡಿಸೋಟೋ

ಕಳೆದ ಖಂಡೇನವಮಿಯ ದಿನ, ನಮ್ಮ ಮನೆಯ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಹಳೆಯ ಮೋಟಾರನ್ನು ನಾಲ್ಕಾರು ಜನ ಸೇರಿ ನೂಕಿ ಹೊರಗೆ ತಂದೆವು. ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ದುರ್ಗದಬೈಲಿನ ಒಂದು ಅಂಚಿಗೆ ನಿಲ್ಲಿಸಿದೆವು. ಹಬ್ಬದ ಸಂತೆಗೆಂದು ಬಂದ ಮಂದಿ ಅದರ ಸುತ್ತ ನೆರೆದರು. ಒಬ್ಬ ತರುಣ ಅದನ್ನು ಅಂಬಾಸಡರ್ ಎಂದು ಭಾವಿಸಿದ. ಇನ್ನೊಬ್ಬ, ಯಾವುದೋ ಹಳೆಯ ಚಿತ್ರದಲ್ಲಿ ಖಳನಾಯಕನು ಏರಿ ಬರುವ ಗಾಡಿ ಇದೇ ಎಂದು ಸಾಧಿಸಿದ. ಗಿರಮಿಟ್ಟಿನ ಪೊಟ್ಟಣ ಹಿಡಿದು ನಿಂತಿದ್ದ ಮುದುಕರೊಬ್ಬರು ಮಾತ್ರ ಅದರ ಮುಂಭಾಗದ ಹಲ್ಲುಗಳನ್ನು ಮುಟ್ಟಿ ನೋಡಿ, ತಾವು ತರುಣರಾಗಿದ್ದಾಗ ನಡೆಸುತ್ತಿದ್ದ ಫಾರ್ಗೋ ಲಾರಿಗೆ ಇದು ದಾಯಾದಿಯಾಗಬೇಕು ಎಂದರು. ಅವರ ಊಹೆ ಸರಿಯಾಗಿತ್ತು.

ಗಾಡಿಯ ಹೆಸರು ಡಿಸೋಟೋ. ಆ ಹೆಸರನ್ನು ಅಲ್ಲಿದ್ದ ತರುಣರಲ್ಲಿ ಒಬ್ಬನೂ ಕೇಳಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಯಾರೆಂದು ಕೇಳಿದೆ. ಅದನ್ನು ಅರಿಯದವರೂ ಅಲ್ಲಿ ಒಬ್ಬರಿರಲಿಲ್ಲ. ಈ ಗಾಡಿಗೂ ಆ ಮಹನೀಯರಿಗೂ ಸಂಬಂಧವುಂಟು ಎಂದು ನಾನು ಹೇಳಿದಾಗ ಅವರು ನಕ್ಕರು. ದಿವಾನರು ಇದರಲ್ಲಿ ಕುಳಿತು ಹುಬ್ಬಳ್ಳಿಗೆ ಬಂದಿದ್ದರೆಂದು ನಾನು ಬಡಾಯಿ ಕೊಚ್ಚುತ್ತಿರುವೆನೆಂದು ತಿಳಿದರೋ ಏನೋ. ಸಂಬಂಧ ಅದಲ್ಲ. ಅಂದು ನಿಂತಲ್ಲೇ ಎಲ್ಲವನ್ನೂ ವಿವರಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಕುಲಗೋತ್ರ. ಅಮೆರಿಕದ ವಾಲ್ಟರ್ ಕ್ರೈಸ್ಲರ್ ಎಂಬ ಉದ್ಯಮಿ 1928ರಲ್ಲಿ ಹೊಸದೊಂದು ಜಾತಿಯ ಮೋಟಾರನ್ನು ಪೇಟೆಗೆ ತಂದ. ಹದಿನಾರನೆಯ ಶತಮಾನದಲ್ಲಿ ಮಿಸಿಸಿಪಿ ನದಿಯನ್ನು ದಾಟಿದ ಸ್ಪೇನ್ ದೇಶದ ದಂಡನಾಯಕ ಹರ್ನಾಂಡೋ ಡಿ ಸೋಟೋನ ಹೆಸರನ್ನು ಅದಕ್ಕೆ ಇಟ್ಟರು. ಮೊದಲ ವರ್ಷದಲ್ಲಿಯೇ 80 ಸಾವಿರಕ್ಕೂ ಮಿಕ್ಕಿ ಗಾಡಿಗಳು ಮಾರಾಟವಾದವು. ಅಷ್ಟು ವೈಭವದಿಂದ ಹುಟ್ಟಿದ ಹೆಸರನ್ನು 1960ರ ಕೊನೆಯಲ್ಲಿ ಆ ಸಂಸ್ಥೆಯೇ ಅಳಿಸಿಹಾಕಿತು. ನಮ್ಮಲ್ಲಿ ಓಡಿದ ಡಿಸೋಟೋಗಳಲ್ಲಿ ಬಹಳಷ್ಟು ಮುಂಬಯಿಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆಯಲ್ಲಿ ಜೋಡಣೆಗೊಂಡವು. ಒಂದೇ ಒಡಲಿಗೆ ಅಲ್ಲಿ ಡಾಜ್, ಪ್ಲಿಮತ್, ಡಿಸೋಟೋ ಎಂದು ಮೂರು ಹೆಸರು. ಮುಖದ ಸಿಂಗಾರ ಮಾತ್ರ ಬೇರೆ ಬೇರೆ. ಡಿಸೋಟೋದ್ದು ಹಲ್ಲು ಬಿಟ್ಟು ನಕ್ಕ ಮುಖ. ಒಳಗೆ ಆರು ಸಿಲಿಂಡರಿನ ಎಂಜಿನು, ಸ್ಟಿಯರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರಿನ ಕೋಲು, ಮುಂದೆ ಮೂವರು ಸರಾಗವಾಗಿ ಕೂಡಬಹುದಾದ ಅಖಂಡ ಆಸನ.

ಇನ್ನು ವಿಶ್ವೇಶ್ವರಯ್ಯನವರ ಕಥೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಬಡಕುಟುಂಬದಲ್ಲಿ ಹುಟ್ಟಿದವರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರಕಾರದ ನೆರವಿನಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯನ್ನು ಸೇರಿ ನಾಸಿಕಕ್ಕೆ ನಡೆದರು. ಅಂದಿನಿಂದ 1908ರವರೆಗೆ ಅವರು ದುಡಿದದ್ದು ಮುಂಬಯಿ ಸರಕಾರಕ್ಕೆ. ನಮ್ಮ ಹುಬ್ಬಳ್ಳಿ ಧಾರವಾಡಗಳೂ ಅದೇ ಮುಂಬಯಿಗೆ ಸೇರಿದ್ದವೆಂಬುದನ್ನು ಇಂದಿನ ತರುಣರು ಮರೆಯುತ್ತಾರೆ. ಸಕ್ಕರಿಗೆ ಸಿಂಧೂ ನದಿಯಿಂದ ಕುಡಿಯುವ ನೀರು, ಪುಣೆಯ ಬಳಿ ಖಡಕವಾಸಲೆಯ ಅಣೆಕಟ್ಟಿಗೆ ತಾನಾಗಿ ತೆರೆದು ಮುಚ್ಚುವ ಬಾಗಿಲು, ಇವೆಲ್ಲ ಆ ಕಾಲದ ಕೆಲಸಗಳು. ಇವು ಪಠ್ಯಪುಸ್ತಕದಲ್ಲಿ ಬರುವ ಸಂಗತಿಗಳಾದ್ದರಿಂದ ನಾನು ಬೇಗ ದಾಟಿಹೋಗುತ್ತೇನೆ.

ಆದರೆ 1898ರ ಒಂದು ಸಂಗತಿಯನ್ನು ದಾಟುವಂತಿಲ್ಲ. ಆ ವರ್ಷ ಅವರು ಜಪಾನಿಗೆ ಹೋದರು. ಮೂವತ್ತು ವರ್ಷಗಳ ಹಿಂದೆ ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ದೇಶವೊಂದು ತನ್ನ ಯಂತ್ರಗಳನ್ನು ತಾನೇ ಮಾಡಿಕೊಳ್ಳಲು ತೊಡಗಿದ್ದನ್ನು ಕಣ್ಣಾರೆ ಕಂಡರು. ಅವರ ಮುಂದಿನ ಬಾಳನ್ನೆಲ್ಲ ನೋಡಿದರೆ, ಈ ಪ್ರವಾಸ ಅವರ ಮನಸ್ಸಿನಿಂದ ಎಂದೂ ಕರಗಲಿಲ್ಲವೆಂದು ನನಗೆ ತೋರುತ್ತದೆ. ಅಣೆಕಟ್ಟು ಕಟ್ಟುವವರು ಬಹಳ ಜನ. ಕೊಂಡು ತರುವುದಕ್ಕೂ ಮಾಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಅವರಷ್ಟು ಹಟದಿಂದ ಜೀವನವಿಡೀ ಹಿಡಿದುಕೊಂಡವರು ವಿರಳ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರು, 1912ರಲ್ಲಿ ದಿವಾನರು. ಕನ್ನಂಬಾಡಿಯ ಕೆಲಸ 1911ರಲ್ಲಿ ಮೊದಲಾಗಿತ್ತು. ಬಳಿಕ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾನಿಲಯ ಒಂದರ ಹಿಂದೊಂದು ಬಂದವು. ಹಿಂದುಳಿದ ಸಮಾಜಗಳಿಗೆ ಸರಕಾರಿ ಹುದ್ದೆಗಳನ್ನು ಮೀಸಲಿಡುವ ಪ್ರಶ್ನೆಯಲ್ಲಿ ಮಹಾರಾಜರಿಗೂ ಅವರಿಗೂ ಒಮ್ಮತ ಕೂಡದೆ 1918ರಲ್ಲಿ ಅಧಿಕಾರ ಬಿಟ್ಟರು. ಈ ವಿಷಯದಲ್ಲಿ ಕಾಲ ಮಹಾರಾಜರ ಪಕ್ಷವನ್ನೇ ಎತ್ತಿಹಿಡಿಯಿತೆಂದು ನನ್ನ ಅಭಿಪ್ರಾಯ. ದೊಡ್ಡವರನ್ನು ಗೌರವಿಸುವಾಗ ಇದನ್ನು ಮುಚ್ಚಿಡಬೇಕಾದುದಿಲ್ಲ. ರಾಜೀನಾಮೆ ಕೊಡಲು ಅವರು ಸರಕಾರಿ ಮೋಟಾರಿನಲ್ಲಿ ಅರಮನೆಗೆ ಹೋಗಿ, ಹಿಂದಿರುಗುವಾಗ ಸ್ವಂತ ಗಾಡಿಯಲ್ಲಿ ಬಂದರೆಂಬ ಕಥೆಯನ್ನು ನಮ್ಮಲ್ಲಿ ಎಲ್ಲರೂ ಕೇಳಿದ್ದಾರೆ. ಜನರ ನೆನಪಿನಲ್ಲಿ ವಿಶ್ವೇಶ್ವರಯ್ಯನವರಿಗೂ ಮೋಟಾರಿಗೂ ಇರುವ ನಂಟು ಇದಿಷ್ಟೇ. ಅವರ ಬಾಳಿನ ಒಂದು ದೀರ್ಘವಾದ, ಕಹಿಯಾದ ಹೋರಾಟವೇ ಮೋಟಾರಿನದಾಗಿತ್ತೆಂಬುದು ಮರೆತುಹೋಗಿದೆ.

ಅಂದು ಹಿಂದೂಸ್ಥಾನದ ರಸ್ತೆಗಳಲ್ಲಿ ಓಡುತ್ತಿದ್ದ ಮೋಟಾರುಗಳೆಲ್ಲ ಪರದೇಶದವು. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1928ರಿಂದ ಮುಂಬಯಿಯಲ್ಲಿ, ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಕೂಡಿಸಿ ಗಾಡಿಗಳನ್ನು ಹೊರತರುತ್ತಿತ್ತು. ಫೋರ್ಡ್ ಸಂಸ್ಥೆಯ ಕ್ರಮವೂ ಅದೇ. ಬೋಲ್ಟು ಬಿಗಿಯುವುದು ಮಾತ್ರ ನಮ್ಮವರ ಪಾಲಿನದು. 1934ರಲ್ಲಿ ದೇಶಕ್ಕೊಂದು ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಗ್ರಂಥ ಬರೆದ ವಿಶ್ವೇಶ್ವರಯ್ಯನವರಿಗೆ ಇದು ಸಹಿಸಲಿಲ್ಲ. ಮೋಟಾರಿನ ಕಾರಖಾನೆಯೊಂದು ಎದ್ದರೆ ಅದರ ಬೆನ್ನಿಗೆ ಉಕ್ಕು, ರಬ್ಬರು, ಗಾಜು, ಬಣ್ಣ, ಬ್ಯಾಟರಿಯ ಕಸುಬುಗಳೆಲ್ಲ ಏಳುತ್ತವೆಂಬುದು ಅವರ ಲೆಕ್ಕ. ಭದ್ರಾವತಿಯ ಕಬ್ಬಿಣದ ಕಾರಖಾನೆಯನ್ನು 1923ರಿಂದ 1929ರವರೆಗೆ ನಡೆಸಿ, ಅದರ ಕಷ್ಟನಷ್ಟಗಳನ್ನು ಉಂಡವರಿಗೆ ಆ ಲೆಕ್ಕ ಬರೀ ಕಾಗದದ್ದಾಗಿರಲಿಲ್ಲ.

1935ರಲ್ಲಿ, ಎಪ್ಪತ್ತು ದಾಟಿದ ಆ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರಖಾನೆಗಳನ್ನು ಸುತ್ತಿ ಬಂದರು. ಇತರರು ಮೊಮ್ಮಕ್ಕಳೊಡನೆ ಕಾಲ ಕಳೆಯುವ ಹೊತ್ತಿನಲ್ಲಿ ಇವರು ಯಂತ್ರಗಳ ಬೆಲೆ, ಕೂಲಿಯ ದರ, ಬಂಡವಾಳದ ಬಡ್ಡಿ ಗುಣಿಸುತ್ತಿದ್ದರು. ತಿರುಗಿ ಬಂದು ಯೋಜನೆಯನ್ನು ಸಿದ್ಧಪಡಿಸಿ ಮುಂಬಯಿಯ ಬಂಡವಾಳಗಾರರ ಮುಂದೆ ಇಟ್ಟರು. ಅದನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಬಂಡವಾಳದ ಬಡ್ಡಿಗೆ ಹೊಣೆ ನಿಲ್ಲಲು ಮನಸ್ಸು ಮಾಡಿತು. ಅಷ್ಟರಲ್ಲಿ 1939ರ ಯುದ್ಧ ಬಂತು. ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮಾತು ಅಲ್ಲಿಗೇ ನಿಂತಿತು.

ವಾಲಚಂದರು ಅಮೆರಿಕಕ್ಕೆ ಹೋಗಿ ಫೋರ್ಡರನ್ನು ಒಲಿಸಲಾರದೆ, ಕ್ರೈಸ್ಲರ್ ಸಂಸ್ಥೆಯೊಡನೆ 1940ರಲ್ಲಿ ಒಪ್ಪಂದ ಮಾಡಿಕೊಂಡರು. ಇನ್ನು ಕಾರಖಾನೆಗೆ ನೆಲೆ ಬೇಕು, ಸರಕಾರವೊಂದರ ಬೆಂಬಲ ಬೇಕು. ವಿಶ್ವೇಶ್ವರಯ್ಯನವರ ಕಣ್ಣು ತಮ್ಮ ಮೈಸೂರಿನ ಕಡೆಗೆ ತಿರುಗಿತು. ಬೆಂಗಳೂರಿನಲ್ಲಿ ಮೋಟಾರಿನ ಕಾರಖಾನೆ! ಕಾವೇರಿಯ ವಿದ್ಯುತ್ತು ಇತ್ತು, ಭದ್ರಾವತಿಯ ಕಬ್ಬಿಣವಿತ್ತು, ಕಲಿತ ತರುಣರಿದ್ದರು. ಮೈಸೂರು ಸರಕಾರವೂ ನೆರವಿಗೆ ಸಿದ್ಧವಾಯಿತು. ಆದರೆ ದಿಲ್ಲಿಯ ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಮೋಟಾರು ತಯಾರಿಕೆ ಯುದ್ಧದ ಕೆಲಸವೆಂದು ಅದು ಮಾನ್ಯ ಮಾಡಲಿಲ್ಲ. ಯಂತ್ರ ತರಿಸಲು ಡಾಲರನ್ನೂ ಬಿಡಲಿಲ್ಲ. ಸಾರ್ವಭೌಮ ಸರಕಾರದ ಇಷ್ಟಕ್ಕೆ ವಿರುದ್ಧವಾಗಿ ಸಂಸ್ಥಾನವೊಂದು ಎಷ್ಟು ದಿನ ನಿಂತೀತು? ಮೈಸೂರು ಹಿಂದೆ ಸರಿಯಿತು.

ಇದರಲ್ಲಿ ಒಂದು ವಿಚಿತ್ರವುಂಟು. ಅದೇ 1940ರ ಡಿಸೆಂಬರಿನಲ್ಲಿ, ಅದೇ ವಾಲಚಂದರ ಮುಂದಾಳುತನದಲ್ಲಿ, ಅದೇ ಮೈಸೂರು ಸರಕಾರದ ಪಾಲುಗಾರಿಕೆಯಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರಖಾನೆ ಸ್ಥಾಪನೆಯಾಯಿತು. ನೆಲದ ಮೇಲೆ ಓಡುವ ಬಂಡಿಗೆ ದೊರೆಯದ ಅನುಮತಿ ಆಕಾಶದಲ್ಲಿ ಹಾರುವ ವಿಮಾನಕ್ಕೆ ದೊರೆಯಿತು. ವಿಮಾನ ಯುದ್ಧಕ್ಕೆ ತುರ್ತಾಗಿ ಬೇಕಿತ್ತು; ಮೋಟಾರು ನಮಗೆ ಬೇಕಿತ್ತು, ಅಷ್ಟೆ.

ವಾಲಚಂದರು 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಮುಂಬಯಿಯಲ್ಲಿಯೇ ಕಟ್ಟಿದರು. 1947ರಲ್ಲಿ ಕುರ್ಲಾದಿಂದ ಗಾಡಿಗಳು ಹೊರಬಿದ್ದವು. ಅಷ್ಟರಲ್ಲಿ ಬಿರ್ಲಾರ ಹಿಂದೂಸ್ಥಾನ್ ಮೋಟರ್ಸ್ 1942ರಲ್ಲಿಯೇ ಹುಟ್ಟಿತ್ತು. ಮೊದಮೊದಲು ಪ್ರೀಮಿಯರಿನಲ್ಲಿಯೂ ಅಮೆರಿಕದ ಬಿಡಿಭಾಗಗಳ ಜೋಡಣೆಯೇ ನಡೆಯಿತು. ಕ್ರಮೇಣ ಒಂದೊಂದೇ ಭಾಗ ಇಲ್ಲಿಯದಾಯಿತು. ತಯಾರಿಕೆಗೆ ಇಳಿಯದೆ ಬರೀ ಜೋಡಣೆ ಮಾಡುವವರಿಗೆ ಎಡೆಯಿಲ್ಲವೆಂದು ಸ್ವತಂತ್ರ ಭಾರತದ ಸರಕಾರ 1953ರಲ್ಲಿ ನಿರ್ಧರಿಸಿದಾಗ ಫೋರ್ಡ್, ಜನರಲ್ ಮೋಟರ್ಸ್ ಎರಡೂ ಗಂಟುಮೂಟೆ ಕಟ್ಟಿದವು; ಪ್ರೀಮಿಯರ್ ಉಳಿಯಿತು. ಡಿಸೋಟೋದ ಪಕ್ಕದಲ್ಲಿ ಇಟಲಿಯ ಫಿಯೆಟ್ ಬಂತು. ಆ ಫಿಯೆಟ್ಟೇ 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದಾಗ ಪತ್ರಿಕೆಗಳೆಲ್ಲ ಕಣ್ಣೀರು ಮಿಡಿದವು. ಆ ವಂಶದ ಹಿರಿಯಣ್ಣನನ್ನು ನೆನೆದವರು ನನಗೆ ಕಾಣಲಿಲ್ಲ.

1955ರಲ್ಲಿ ಭಾರತರತ್ನವಾದ ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟವಾದ ತಮ್ಮ ನೆನಪುಗಳ ಪುಸ್ತಕದಲ್ಲಿ ಈ ಮೋಟಾರಿನ ಪ್ರಕರಣವನ್ನು ಬಿಡದೆ ದಾಖಲಿಸಿದ್ದಾರೆ. ಅಲ್ಲಿ ಅಬ್ಬರವಿಲ್ಲ, ಕಡತದಂತೆ ಸಂಗತಿಗಳು ಒಂದರ ಕೆಳಗೊಂದು ಬರುತ್ತವೆ. ಆ ತಣ್ಣನೆಯ ಬರವಣಿಗೆಯೇ ನನಗೆ ಹೆಚ್ಚು ನೋವು ತಂದಿತು. 1956ರಲ್ಲಿ ಹುಬ್ಬಳ್ಳಿಯೂ ಬೆಂಗಳೂರೂ ಒಂದೇ ರಾಜ್ಯದಲ್ಲಿ ಕೂಡಿದ್ದನ್ನು ಅವರು ಕಂಡರು. ಅವರು ಬೆಂಗಳೂರಿಗೆಂದು ಬಗೆದ ಕಾರಖಾನೆ ಮಾತ್ರ ಗಡಿಯ ಆಚೆಗೇ ಉಳಿಯಿತು. 1962ರ ಏಪ್ರಿಲಿನಲ್ಲಿ, ನೂರು ವರ್ಷ ತುಂಬಿದ ಬಳಿಕ, ಅವರು ತೀರಿಕೊಂಡರು.

ನಮ್ಮ ಗಾಡಿಯನ್ನು ಕಾಕಾ ಕೊಂಡದ್ದು ಅದೇ ಸುಮಾರಿನಲ್ಲಿ, ಎರಡನೆಯ ಕೈಯಿಂದ. ದುರ್ಗದಬೈಲಿನಲ್ಲಿ ಅದನ್ನು ಬಾಡಿಗೆಗೆ ಬಿಡುತ್ತಿದ್ದರು. ನವಲಗುಂದ, ಅಣ್ಣಿಗೇರಿ, ಶಿರಸಿಯವರೆಗೆ ಮದುವೆಯ ದಿಬ್ಬಣಗಳು ಅದರಲ್ಲಿ ಹೋಗಿ ಬಂದವು. ಒಮ್ಮೆ ದೇವಿಮನೆ ಘಟ್ಟದಲ್ಲಿ ಹನ್ನೊಂದು ಜನರನ್ನು ಹೊತ್ತು ಏರಿತೆಂದು ಅವರು ಹೇಳುತ್ತಿದ್ದರು. ಮಕ್ಕಳನ್ನೂ ಎಣಿಕೆಗೆ ಹಿಡಿದಿರಬೇಕು. ಬಿಡಿಭಾಗ ಸಿಗದಾದಾಗ ಫಾರ್ಗೋ ಲಾರಿಯ ಮುರುಕಿನಿಂದ ತಂದು ಜೋಡಿಸುತ್ತಿದ್ದರು. ಆ ಗಾಡಿಯ ಹೆಸರಿನ ಹಿಂದೆ ಕನ್ನಡಿಗರೊಬ್ಬರ ಯತ್ನವಿದೆಯೆಂದು ಕಾಕಾರಿಗೂ ತಿಳಿದಿರಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಪೇಟ ಧರಿಸಿದ ವಿಶ್ವೇಶ್ವರಯ್ಯನವರ ಚಿತ್ರ ಕೊನೆಯವರೆಗೂ ಇತ್ತು.

ಈಗ ಹಿತ್ತಲಿನ ಜಾಗ ಕಾಕಾರ ಮಗನಿಗೆ ಬೇಕಾಗಿದೆ. ಗುಜರಿಯವನು ಎರಡು ಸಾರೆ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. 2021ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಖಾಸಗಿ ವಾಹನವನ್ನು ಪುರಾತನ ವಾಹನವೆಂದು ಬೇರೆಯೇ ನೋಂದಣಿ ಮಾಡಿಸಬಹುದು, ಫಲಕದ ಮೇಲೆ ವಿ ಎ ಎಂಬ ಅಕ್ಷರಗಳು ಬರುತ್ತವೆ, ಬಾಡಿಗೆಗೆ ಓಡಿಸುವಂತಿಲ್ಲ. ಇದನ್ನು ತಮ್ಮನಿಗೆ ತಿಳಿಸಿ ಮುಂದಿನ ಖಂಡೇನವಮಿಯವರೆಗೆ ಗಡುವು ಕೇಳಿಕೊಂಡಿದ್ದೇನೆ. ಹಬ್ಬದ ದಿನದ ಆ ತರುಣರಲ್ಲಿ ಇಬ್ಬರು ರವಿವಾರ ಬಂದು ತುಕ್ಕು ಉಜ್ಜುತ್ತಿದ್ದಾರೆ. ಅವರ ಒತ್ತಾಯಕ್ಕೆ ಒಂದು ಹಲಗೆಯ ಮೇಲೆ ಗಾಡಿಯ ಹೆಸರು, ಕುರ್ಲಾದ ಕಾರಖಾನೆ, 1935ರ ಪ್ರವಾಸ, ಬೆಂಗಳೂರಿಗೆ ತಪ್ಪಿದ ಯೋಜನೆ ಇವನ್ನು ಆರು ಸಾಲಿನಲ್ಲಿ ಬರೆದು ಮುಂದಿನ ಗಾಜಿಗೆ ಒರಗಿಸಿಟ್ಟೆ.

ಹೋದ ವಾರ ಗುಜರಿಯವನು ಮೂರನೆಯ ಸಾರೆ ಬಂದ. ಹಲಗೆಯನ್ನು ಬೆರಳಿಟ್ಟು ನಿಧಾನವಾಗಿ ಓದಿದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತನ್ನ ಬೆಲೆಯನ್ನು ಐದು ಸಾವಿರ ರೂಪಾಯಿ ಏರಿಸಿದ. ತಮ್ಮ ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಕಾಕಾರ ಟ್ರಂಕಿನಿಂದ ಮುಂಬಯಿ ಕಾಲದ ನೋಂದಣಿ ಪುಸ್ತಕವನ್ನು ತೆಗೆದೆ. ಎರಡು ಹಾಳೆಗಳನ್ನು ಗೆದ್ದಲು ತಿಂದಿದೆ. ಎಂಜಿನಿನ ಸಂಖ್ಯೆ ಇರುವ ಹಾಳೆ ಉಳಿದಿದೆ.